ಆರು ಅಕ್ಷರ, ಮೂವತ್ತಾರು ಬೈಟ್: ಸಿ ಪ್ರೋಗ್ರಾಮಿನ ಮೆಮೊರಿ ದೋಷವನ್ನು ಹಂತಹಂತವಾಗಿ ಪತ್ತೆಹಚ್ಚುವ ಬಗೆ

ಕೋಲಾರದ ಒಂದು ಟೊಮೆಟೊ ಮಂಡಿಗೆ ಪಟ್ಟಿ ಬರೆಯುವ ಚಿಕ್ಕ ಪ್ರೋಗ್ರಾಮೊಂದನ್ನು ನಾನು ಸಿ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ರೈತರ ಹೆಸರು, ಊರು, ಟೋಕನ್ ಸಂಖ್ಯೆ, ಹರಾಜಿನಲ್ಲಿ ಕೂಗಿದ ದರ, ಹದಿನೈದು ಕಿಲೋ ಬಾಕ್ಸ್‌ಗಳ ಲೆಕ್ಕ, ಇಷ್ಟನ್ನು ತೆಗೆದುಕೊಂಡು ಒಟ್ಟು ಮೊತ್ತವನ್ನು ಅಚ್ಚು ಹಾಕುವುದಷ್ಟೇ ಅದರ ಕೆಲಸ. ಬಹಳ ಕಾಲ ಇಂಗ್ಲಿಷಿನಲ್ಲಿ ಅಚ್ಚಾಗುತ್ತಿದ್ದ ಪಟ್ಟಿಯನ್ನು ರೈತರ ಅನುಕೂಲಕ್ಕಾಗಿ ಕನ್ನಡಕ್ಕೆ ಬದಲಾಯಿಸಿದ ಕೆಲವೇ ದಿನಗಳಲ್ಲಿ ಅಲ್ಲಿನ ರೈಟರ್ ಫೋನ್ ಮಾಡಿದರು: "ಶ್ರೀನಿವಾಸಪುರದೋರ ಪಟ್ಟಿ ಮಾತ್ರ ಹಿಂಗಾಗ್ತದೆ ನೋಡಣ್ಣ, ಬೇರೆ ಊರೋರ್ದು ಸರಿಯಾಗೇ ಬರ್ತದೆ." ಹರಾಜಿನ ದರ 450 ಇದ್ದರೂ ಪಟ್ಟಿಯಲ್ಲಿ 256 ಎಂದು ಬರುತ್ತಿತ್ತು, 390 ಇದ್ದ ದಿನವೂ 256, 700 ಇದ್ದ ದಿನ 512. ಪ್ರೋಗ್ರಾಮ್ ಒಮ್ಮೆಯೂ ನಿಂತುಹೋಗಿರಲಿಲ್ಲ, ಯಾವ ದೋಷಸಂದೇಶವನ್ನೂ ಕೊಟ್ಟಿರಲಿಲ್ಲ. ರೈಟರ್ ಇದನ್ನು ಟೈಪಿಂಗ್ ತಪ್ಪೆಂದು ಭಾವಿಸಿ ಪೆನ್ನಿನಿಂದಲೇ ತಿದ್ದಿ ಕೊಡುತ್ತಿದ್ದರು.

ಈ ಒಂದು ದೋಷವನ್ನೇ ಮುಂದಿಟ್ಟುಕೊಂಡು, ಸಾಫ್ಟ್‌ವೇರಿನ ಭದ್ರತಾ ದೋಷಗಳನ್ನು ಹುಡುಕುವವರು ನಿತ್ಯ ಬಳಸುವ ಸಲಕರಣೆಗಳನ್ನು ಯಾವಾಗ, ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಈ ಕೆಲಸಕ್ಕೆ ಬರುವ ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದದ್ದು, ತಪ್ಪು ಕಾಣಿಸಿಕೊಂಡ ಜಾಗವೂ ತಪ್ಪು ನಡೆದ ಜಾಗವೂ ಸಾಮಾನ್ಯವಾಗಿ ಬೇರೆಬೇರೆ ಎಂಬುದನ್ನು. ಡಿಬಗರ್ (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ನೋಡುವುದು), ಸ್ಯಾನಿಟೈಜರ್ (ಓಡುವಾಗಲೇ ಮೆಮೊರಿ ತಪ್ಪನ್ನು ಹಿಡಿಯುವುದು), ಫಜರ್ (ಬಗೆಬಗೆಯ ಇನ್‌ಪುಟ್ ಕೊಟ್ಟು ಪರೀಕ್ಷಿಸುವುದು) ಎಂಬ ಸಲಕರಣೆಗಳೆಲ್ಲ ಆ ಎರಡು ಜಾಗಗಳ ನಡುವಿನ ದಾರಿಯನ್ನು ಬೇರೆಬೇರೆ ರೀತಿಯಲ್ಲಿ ಕಿರಿದುಗೊಳಿಸುತ್ತವೆ. ಆದೇಶಗಳ ಹೆಸರನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲ ಹಂತ: ಕೆಲಸದ ಜಾಗವನ್ನು ಸಿದ್ಧಪಡಿಸಿಕೊಳ್ಳುವುದು

ನಾಲ್ಕು ಜಿಬಿ ಮೆಮೊರಿ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ ಆರಂಭಕ್ಕೆ ಸಾಕು. ಉಬುಂಟು ಅಥವಾ ಡೆಬಿಯನ್‌ನಲ್ಲಿ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರ್‌ಗಳಾದ ಜಿಸಿಸಿ ಮತ್ತು ಕ್ಲ್ಯಾಂಗ್, ಡಿಬಗರ್ ಆದ ಜಿಡಿಬಿ, ಮೆಮೊರಿ ಪರೀಕ್ಷಿಸುವ ವಾಲ್‌ಗ್ರೈಂಡ್, ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಮತ್ತು ಫಜರ್ ಆದ ಎಎಫ್ಎಲ್ ಪ್ಲಸ್ ಪ್ಲಸ್, ಇವೆಲ್ಲವೂ ಆ ವ್ಯವಸ್ಥೆಯ ಪ್ಯಾಕೇಜ್ ಭಂಡಾರದಲ್ಲೇ ಉಚಿತವಾಗಿ ದೊರೆಯುತ್ತವೆ. ವಿಂಡೋಸ್‌ನಲ್ಲಿ ಕೆಲಸ ಮಾಡುವವರಿಗೆ ವಿನ್‌ಡಿಬಿಜಿ ಇದೆ, ಅದೂ ಒಳ್ಳೆಯ ಡಿಬಗರ್. ಆದರೆ ಕಲಿಯುವವರಿಗೆ ಲಿನಕ್ಸ್ ಹೆಚ್ಚು ಅನುಕೂಲ, ಏಕೆಂದರೆ ಅಲ್ಲಿ ಲೈಬ್ರರಿಯ ಮೂಲ ಕೋಡನ್ನೂ ತೆರೆದು ಓದಬಹುದು.

ನೀವು ಪರೀಕ್ಷಿಸುವುದು ನೀವೇ ಬರೆದ ಪ್ರೋಗ್ರಾಮ್ ಆಗಿರಬೇಕು, ಇಲ್ಲವೇ ಮುಕ್ತ ತಂತ್ರಾಂಶದ ನಿಮ್ಮದೇ ಪ್ರತಿಯಾಗಿರಬೇಕು, ಅದೂ ಅಲ್ಲದಿದ್ದರೆ ಮಾಲೀಕರು ಬರಹದಲ್ಲಿ ಅನುಮತಿ ಕೊಟ್ಟಿರಬೇಕು. ಇನ್ನೊಬ್ಬರ ಸರ್ವರ್‌ನ ಮೇಲೆ, ಅದು ನಮ್ಮ ತಾಲ್ಲೂಕಿನ ಒಂದು ಚಿಕ್ಕ ಸಂಸ್ಥೆಯದೇ ಆಗಿದ್ದರೂ, ಅನುಮತಿಯಿಲ್ಲದೆ ಕೈಯಾಡಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ವಿಧಿಯ ವ್ಯಾಪ್ತಿಗೆ ಬರುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ವಿಧಿಯಡಿ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮುಕ್ತ ತಂತ್ರಾಂಶದಲ್ಲಿಯೇ ಒಬ್ಬ ಮನುಷ್ಯ ಜೀವಮಾನವೆಲ್ಲ ಹುಡುಕಿದರೂ ಮುಗಿಯದಷ್ಟು ಕೆಲಸ ಇರುವಾಗ ಆ ದಾರಿಯನ್ನು ಹಿಡಿಯುವ ಅಗತ್ಯವೇ ಇಲ್ಲ.

ಎರಡನೆಯ ಹಂತ: ದೋಷವನ್ನು ಬೇಕೆಂದಾಗ ಮರುಕಳಿಸುವಂತೆ ಮಾಡುವುದು

ಡಿಬಗರ್ ತೆರೆಯುವ ಆತುರ ಬೇಡ. ಕರೆದಾಗಲೆಲ್ಲ ಬರದ ದೋಷವನ್ನು ಯಾವ ಸಲಕರಣೆಯಿಂದಲೂ ಹಿಡಿಯುವುದು ಕಷ್ಟ. ಮಂಡಿಯಿಂದ ಒಂದು ದಿನದ ನಮೂದುಗಳ ಕಡತವನ್ನು ತಂದು, ಅದರಿಂದ ರೈತರ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಅಳಿಸಿ, ಉಳಿದದ್ದನ್ನು ಅರ್ಧಕ್ಕೆ ಕತ್ತರಿಸಿದೆ; ಯಾವ ಅರ್ಧದಲ್ಲಿ ತಪ್ಪು ದರ ಬಂತೋ ಅದನ್ನು ಮಾತ್ರ ಇಟ್ಟುಕೊಂಡು ಮತ್ತೆ ಅರ್ಧ ಮಾಡಿದೆ. ಹೀಗೆ ಮಾಡಿದರೆ ಇನ್ನೂರು ಸಾಲಿನ ಕಡತವಾದರೂ ಎಂಟು ಸುತ್ತಿನಲ್ಲಿ ಒಂದೇ ಸಾಲಿಗೆ ಇಳಿಯುತ್ತದೆ. ಕೊನೆಗೆ ಉಳಿದದ್ದು, ಊರಿನ ಜಾಗದಲ್ಲಿ "ಶ್ರೀನಿವಾಸಪುರ" ಎಂದಿದ್ದ ಒಂದು ಸಾಲು. ಅದನ್ನು ಬೇರೆ ಕಡತದಲ್ಲಿ ಉಳಿಸಿ, ಜೊತೆಗೆ ಕಾರ್ಯವ್ಯವಸ್ಥೆ, ಕಂಪೈಲರ್ ಮತ್ತು ಸಿ ಲೈಬ್ರರಿಯ ಆವೃತ್ತಿಗಳನ್ನು ಬರೆದಿಟ್ಟೆ. ಯಾರಿಗಾದರೂ ಈ ದೋಷವನ್ನು ವರದಿ ಮಾಡಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಇದನ್ನೇ.

ಕೋಡ್ ಗಿಟ್‌ನಲ್ಲಿ ಇದ್ದರೆ ಇದೇ ಅರ್ಧಿಸುವ ಉಪಾಯವನ್ನು ಕಾಲದ ಮೇಲೂ ಪ್ರಯೋಗಿಸಬಹುದು. ಗಿಟ್ ಬೈಸೆಕ್ಟ್‌ಗೆ ಸರಿಯಿದ್ದ ಒಂದು ಹಳೆಯ ಆವೃತ್ತಿಯನ್ನೂ ಕೆಟ್ಟಿರುವ ಈಗಿನ ಆವೃತ್ತಿಯನ್ನೂ ತಿಳಿಸಿದರೆ, ನಡುವಿನ ನೂರು ಕಮಿಟ್‌ಗಳಲ್ಲಿ (ಉಳಿಸಿಟ್ಟ ಬದಲಾವಣೆಗಳಲ್ಲಿ) ತಪ್ಪು ಎಲ್ಲಿ ಮೊದಲು ಕಾಣಿಸಿತು ಎಂಬುದನ್ನು ಸುಮಾರು ಏಳು ಪರೀಕ್ಷೆಗಳಲ್ಲಿ ತೋರಿಸುತ್ತದೆ. ನನ್ನ ಪ್ರೋಗ್ರಾಮಿನಲ್ಲಿ ಅದು ಪಟ್ಟಿಯನ್ನು ಕನ್ನಡಕ್ಕೆ ಬದಲಿಸಿದ ಕಮಿಟ್‌ಗೆ ಕೈ ತೋರಿಸಿತು. ಆದರೆ ಆ ಕಮಿಟ್‌ನಲ್ಲಿ ಊರುಗಳ ಹೆಸರು ಬದಲಾಗಿತ್ತೇ ಹೊರತು ಲೆಕ್ಕದ ಒಂದು ಸಾಲೂ ಬದಲಾಗಿರಲಿಲ್ಲ. ಹೊಸ ಕಮಿಟ್ ಹಳೆಯ ತಪ್ಪೊಂದನ್ನು ಹೊರಗೆಳೆದಿತ್ತು ಎಂದು ಇದರಿಂದ ತಿಳಿಯಿತು.

ಮೂರನೆಯ ಹಂತ: ಬೈಟ್‌ಗಳನ್ನು ಕಾಗದದ ಮೇಲೆ ಎಣಿಸುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡದಲ್ಲಿ ಪ್ರೋಗ್ರಾಮ್ ಬರೆಯುವವರೆಲ್ಲ ಇದನ್ನು ಒಮ್ಮೆಯಾದರೂ ಕೈಯಾರೆ ಮಾಡಲೇಬೇಕು ಎಂದು ನಾನು ನಂಬುತ್ತೇನೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್‌ನ ಕನ್ನಡ ವಿಭಾಗದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಮತ್ತು ನಾವು ಒಂದು ಅಕ್ಷರವೆಂದು ಓದುವುದು ಅಲ್ಲಿ ಒಂದೇ ಸಂಕೇತ ಆಗಿರಬೇಕೆಂದಿಲ್ಲ. "ಶ್ರೀ" ಎಂಬುದು ಶ, ಹಲಂತ ಚಿಹ್ನೆ, ರ, ದೀರ್ಘ ಈಕಾರದ ಚಿಹ್ನೆ ಎಂಬ ನಾಲ್ಕು ಸಂಕೇತಗಳು, ಅಂದರೆ ಹನ್ನೆರಡು ಬೈಟ್. ಕಣ್ಣಿಗೆ ಆರೇ ಅಕ್ಷರವಾಗಿ ಕಾಣುವ "ಶ್ರೀನಿವಾಸಪುರ" ಹನ್ನೆರಡು ಸಂಕೇತ, ಮೂವತ್ತಾರು ಬೈಟ್; ಸಿ ಭಾಷೆಯ ಸ್ಟ್ರಿಂಗ್‌ನ (ಅಕ್ಷರಗಳ ಸಾಲಿನ) ಕೊನೆಗೆ ಬರುವ ಸೊನ್ನೆ ಬೈಟ್ ಸೇರಿ ಮೂವತ್ತೇಳು.

ನಾನು ಊರಿನ ಹೆಸರಿಗೆ ಇಟ್ಟಿದ್ದ ಜಾಗ 32 ಬೈಟ್. ಕೋಲಾರ ಕೊನೆಯ ಸೊನ್ನೆ ಸೇರಿ 16, ಮಾಲೂರು 19, ಬಂಗಾರಪೇಟೆ ಮತ್ತು ಮುಳಬಾಗಿಲು ತಲಾ 28. ಇವೆಲ್ಲ ಹಿಡಿಸುತ್ತವೆ. ಶ್ರೀನಿವಾಸಪುರ ಮಾತ್ರ ಐದು ಬೈಟ್ ಹೊರಚೆಲ್ಲುತ್ತದೆ. ಇಂಗ್ಲಿಷಿನಲ್ಲಿ ಇದೇ ಹೆಸರಿಗೆ ಹನ್ನೊಂದು ಅಕ್ಷರ ಸಾಕಾಗುವುದರಿಂದ ಹಿಂದೆ ಎಂದೂ ತೊಂದರೆ ಕಾಣಿಸಿರಲಿಲ್ಲ.

ಹೊರಚೆಲ್ಲಿದ ಐದು ಬೈಟ್ ಎಲ್ಲಿಗೆ ಹೋಗುತ್ತವೆ ಎಂಬುದನ್ನು ರಚನೆಯೇ ಹೇಳುತ್ತದೆ. ಪಟ್ಟಿಯ ಸ್ಟ್ರಕ್ಟ್‌ನಲ್ಲಿ (ಒಂದು ನಮೂದಿನ ವಿವರಗಳನ್ನು ಮೆಮೊರಿಯಲ್ಲಿ ಒಟ್ಟಿಗೆ ಇಡುವ ರಚನೆಯಲ್ಲಿ) ಊರಿನ ಹೆಸರಾದ ಮೇಲೆ ನಾಲ್ಕು ಬೈಟ್‌ನ ಟೋಕನ್ ಸಂಖ್ಯೆ, ಅನಂತರ ನಾಲ್ಕು ಬೈಟ್‌ನ ದರ, ಅನಂತರ ಬಾಕ್ಸ್‌ಗಳ ಸಂಖ್ಯೆ ಇವೆ. ಟೋಕನ್, ದರ ಮತ್ತು ಬಾಕ್ಸ್ ಸಂಖ್ಯೆಯನ್ನು ತುಂಬಿದ ಮೇಲೆ ಊರಿನ ಹೆಸರನ್ನು ಸ್ಟ್ರಿಂಗ್‌ಕಾಪಿ (strcpy) ಆದೇಶದಿಂದ ನಕಲು ಮಾಡುತ್ತಿದ್ದೆ. ಈ ಆದೇಶಕ್ಕೆ ಹಿಡಿಸುವ ಜಾಗ ಎಷ್ಟಿದೆ ಎಂಬ ಅರಿವೇ ಇಲ್ಲ. ಸೊನ್ನೆ ಸಿಗುವವರೆಗೆ ಬರೆಯುತ್ತಲೇ ಹೋಗುತ್ತದೆ. ಮೊದಲ ನಾಲ್ಕು ಬೈಟ್ ಟೋಕನ್ ಸಂಖ್ಯೆಯನ್ನು ಪೂರ್ತಿ ಮುಚ್ಚಿದವು. ಐದನೆಯದಾದ ಸೊನ್ನೆ ಬೈಟ್ ದರದ ಮೊದಲ ಬೈಟ್‌ನ ಮೇಲೆ, ಅಂದರೆ ಈ ಯಂತ್ರಗಳಲ್ಲಿ ಸಂಖ್ಯೆಯ ಅತಿ ಚಿಕ್ಕ ಭಾಗ ಇರುವ ಕೆಳತುದಿಯ ಬೈಟ್‌ನ ಮೇಲೆ ಕುಳಿತಿತು. 450 ಎಂದರೆ 256 ಕೂಡಿಸು 194. ಆ 194 ಇರುವುದು ಕೆಳತುದಿಯ ಬೈಟ್‌ನಲ್ಲಿ. ಅದು ಸೊನ್ನೆಯಾದರೆ ಉಳಿಯುವುದು 256. 390, 450 ಎರಡೂ 256 ಆದದ್ದು, 700 ಎಂಬುದು 512 ಆದದ್ದು ಇದೇ ಕಾರಣಕ್ಕೆ. ಟೋಕನ್ ಸಂಖ್ಯೆ ಪಟ್ಟಿಯಲ್ಲಿ ಅಚ್ಚಾಗುವುದಿಲ್ಲವಾದ್ದರಿಂದ ಅದು ಹಾಳಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಊರಿನ ಹೆಸರಂತೂ ಪೂರ್ತಿಯಾಗಿ, ಒಂದು ಒತ್ತಕ್ಷರವೂ ತಪ್ಪದೆ ಅಚ್ಚಾಗುತ್ತಿತ್ತು.

ಅದೇ ಜಾಗದಲ್ಲಿ "ಚಿಕ್ಕಬಳ್ಳಾಪುರ" ಎಂದು ತುಂಬಿದರೆ ನಲವತ್ತು ಬೈಟ್ ಆಗಿ ದರವೇ 1,15,80,128 ಎಂದು ಬರುತ್ತದೆ. ಆ ಊರಿನ ಮಾಲು ಮೊದಲ ದಿನವೇ ಬಂದಿದ್ದರೆ ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು. ನಂಬಬಹುದಾದ ಸಂಖ್ಯೆಯೊಂದನ್ನು ಕೊಡುವ ದೋಷವೇ ಹೆಚ್ಚು ದಿನ ಬದುಕುತ್ತದೆ.

256, 512, 65,536 ಇಂಥ ಸಂಖ್ಯೆಗಳು ಕಾರಣವಿಲ್ಲದೆ ಕಾಣಿಸಿಕೊಂಡರೆ ಯಾರದೋ ಒಂದು ಬೈಟ್ ಇನ್ನೊಬ್ಬರ ಮನೆಗೆ ಹೋಗಿದೆ ಎಂದು ಅನುಮಾನಿಸುವುದನ್ನು ರೂಢಿಸಿಕೊಳ್ಳಿ.

ನಾಲ್ಕನೆಯ ಹಂತ: ಜಿಡಿಬಿಯಲ್ಲಿ ಕಾವಲು ಕೂರಿಸುವುದು

ಕಾಗದದ ಲೆಕ್ಕ ಊಹೆಯಷ್ಟೇ. ಅದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಗ್ನೂ ಯೋಜನೆಗಾಗಿ ಬರೆದ ಜಿಡಿಬಿ ಇಂದಿಗೂ ಈ ಕೆಲಸಕ್ಕೆ ಮೊದಲ ಸಲಕರಣೆ. ಪ್ರೋಗ್ರಾಮನ್ನು ಮೈನಸ್ ಜಿ ಆಯ್ಕೆಯೊಡನೆ, ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಕೋಡನ್ನು ಮಾರ್ಪಡಿಸುವುದು) ಇಲ್ಲದೆ, ಅಂದರೆ ಮೈನಸ್, ದೊಡ್ಡಕ್ಷರದ ಓ, ಸೊನ್ನೆ ಎಂಬ ಆಯ್ಕೆಯೊಡನೆ ಕಂಪೈಲ್ ಮಾಡಿಕೊಳ್ಳಿ. ಮೊದಲನೆಯದು ಯಂತ್ರದ ಆದೇಶಗಳ ಜೊತೆ ಮೂಲ ಕೋಡಿನ ಸಾಲುಗಳ ಸಂಬಂಧವನ್ನು ಬರೆದಿಡುತ್ತದೆ. ಎರಡನೆಯದು ಇಲ್ಲದಿದ್ದರೆ ನೀವು ನೋಡಬೇಕೆಂದ ವೇರಿಯಬಲ್ ಅನ್ನು ಕಂಪೈಲರ್ ತೆಗೆದೇ ಹಾಕಿರಬಹುದು.

ಜಿಡಿಬಿಯೊಳಗೆ ಪಟ್ಟಿ ತುಂಬುವ ಫಂಕ್ಷನ್‌ಗೆ ಬ್ರೇಕ್ ಹಾಕಿ, ರನ್ ಆದೇಶಕ್ಕೆ ನಮ್ಮ ಒಂದು ಸಾಲಿನ ಕಡತವನ್ನು ಕೊಡಿ. ನಿಂತ ಮೇಲೆ ನೆಕ್ಸ್ಟ್ ಆದೇಶದಿಂದ ಒಂದೊಂದೇ ಸಾಲು ಮುಂದೆ ಹೋಗಿ, ದರ ತುಂಬಿ 450 ಆಗಿರುವುದನ್ನು ಪ್ರಿಂಟ್ ಆದೇಶದಿಂದ ನೋಡಿಕೊಳ್ಳಿ. ಈಗ ದರದ ಮೇಲೆ ವಾಚ್ ಆದೇಶ ಕೊಡಬೇಕು. ಬ್ರೇಕ್‌ಪಾಯಿಂಟ್ ಕೋಡಿನ ಒಂದು ಜಾಗವನ್ನು ಕಾಯುತ್ತದೆ. ವಾಚ್‌ಪಾಯಿಂಟ್ ಮೆಮೊರಿಯ ಒಂದು ಜಾಗವನ್ನು ಕಾಯುತ್ತದೆ. ಯಾರು ಬರೆಯುತ್ತಿದ್ದಾರೆಂದು ಗೊತ್ತಿಲ್ಲದಿರುವಾಗ ಬೇಕಾದದ್ದು ಎರಡನೆಯದೇ. ವಾಚ್ ಜೊತೆಗೆ ಮೈನಸ್ ಲೊಕೇಶನ್ ಎಂಬ ಆಯ್ಕೆಯನ್ನು ಸೇರಿಸಿ. ಇಲ್ಲದಿದ್ದರೆ ಫಂಕ್ಷನ್ ಮುಗಿದೊಡನೆ ಕಾವಲೂ ಮುಗಿದುಹೋಗಬಹುದು. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ಇದಕ್ಕೆಂದೇ ನಾಲ್ಕು ವಿಳಾಸ ರಿಜಿಸ್ಟರ್‌ಗಳಿವೆ, ಆದ್ದರಿಂದ ಪ್ರೋಗ್ರಾಮಿನ ವೇಗ ಕುಂದುವುದಿಲ್ಲ, ಆದರೆ ಏಕಕಾಲಕ್ಕೆ ನಾಲ್ಕಕ್ಕಿಂತ ಹೆಚ್ಚು ಕಾವಲು ಸಿಗುವುದಿಲ್ಲ.

ಕಂಟಿನ್ಯೂ ಕೊಟ್ಟೊಡನೆ ಜಿಡಿಬಿ ನಿಂತಿತು: ಹಳೆಯ ಮೌಲ್ಯ 450, ಹೊಸ ಮೌಲ್ಯ 256. ನಿಂತದ್ದು ಸಿ ಲೈಬ್ರರಿಯ ಸ್ಟ್ರಿಂಗ್‌ಕಾಪಿಯ ಒಳಗೆ. ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಕರೆಪಟ್ಟಿ) ನೋಡಿ, ಅಪ್ ಆದೇಶದಿಂದ ಒಂದು ಮೆಟ್ಟಿಲು ಮೇಲೆ ಬಂದರೆ ನನ್ನದೇ ಸಾಲು ಕಾಣುತ್ತದೆ, ಊರಿನ ಹೆಸರನ್ನು ನಕಲು ಮಾಡುವ ಸಾಲು. ಅಲ್ಲಿಯೇ ಎಕ್ಸ್ ಆದೇಶದಿಂದ ಟೋಕನ್‌ನ ವಿಳಾಸದಿಂದ ಎಂಟು ಬೈಟ್‌ಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ (ಹದಿನಾರರ ಸಂಖ್ಯಾಪದ್ಧತಿಯಲ್ಲಿ) ತೆಗೆಸಿ ನೋಡಿದೆ: 81, ಇ0, ಬಿ2, ಬಿ0, ಆಮೇಲೆ 00, 01, 00, 00. ಇ0, ಬಿ2, ಬಿ0 ಎಂಬ ಮೂರು ಬೈಟ್ ಸೇರಿದರೆ ಕನ್ನಡದ "ರ". ಶ್ರೀನಿವಾಸಪುರದ ಕೊನೆಯ ಅಕ್ಷರ ಟೋಕನ್ ಸಂಖ್ಯೆಯ ಜಾಗದಲ್ಲಿ ಕುಳಿತಿರುವುದನ್ನು, ಅದರ ಪಕ್ಕದಲ್ಲಿ ಒಂದು ಸೊನ್ನೆ ದರದ ಕೆಳತುದಿಯನ್ನು ಅಳಿಸಿರುವುದನ್ನು ಹೀಗೆ ಪರದೆಯ ಮೇಲೆ ನೋಡಿದ ಮೇಲೆ ವಾದಕ್ಕೆ ಏನೂ ಉಳಿಯುವುದಿಲ್ಲ.

ಒಮ್ಮೊಮ್ಮೆ ಮಾತ್ರ ಬರುವ ದೋಷಗಳಿಗೆ ಮೊಜಿಲ್ಲಾದಲ್ಲಿ ಹುಟ್ಟಿದ ಆರ್‌ಆರ್ ಎಂಬ ಸಲಕರಣೆ ಬಹಳ ಉಪಯುಕ್ತ. ಅದು ಪ್ರೋಗ್ರಾಮಿನ ಒಂದು ಓಟವನ್ನು ಪೂರ್ತಿ ದಾಖಲಿಸಿಕೊಂಡು, ಅದೇ ಓಟವನ್ನು ಎಷ್ಟು ಸಲವಾದರೂ ಮರಳಿ ನಡೆಸಿಕೊಡುತ್ತದೆ, ಹಿಮ್ಮುಖವಾಗಿಯೂ ಹೋಗಬಹುದು. ತಪ್ಪು ಮೌಲ್ಯ ಕಂಡ ಜಾಗದಲ್ಲಿ ನಿಂತು, ಕಾವಲು ಕೂರಿಸಿ, ರಿವರ್ಸ್ ಕಂಟಿನ್ಯೂ ಕೊಟ್ಟರೆ ಅದನ್ನು ಬರೆದ ಕ್ಷಣಕ್ಕೇ ಹಿಂದಿರುಗುತ್ತೀರಿ. ಪ್ರೊಸೆಸರಿನ ಎಣಿಕೆ ಕೌಂಟರ್‌ಗಳು ಇದಕ್ಕೆ ಬೇಕಾಗುವುದರಿಂದ ಕೆಲವು ವರ್ಚುವಲ್ ಯಂತ್ರಗಳಲ್ಲಿ ನಡೆಯುವುದಿಲ್ಲ.

ಐದನೆಯ ಹಂತ: ಅಡ್ರೆಸ್ ಸ್ಯಾನಿಟೈಜರ್, ಅದು ಹಿಡಿಯುವುದು ಮತ್ತು ಬಿಡುವುದು

ಒಂದು ಊರಿನ ಹೆಸರಿಗೆ ಕೈಯಾರೆ ಕಾವಲು ಕೂರಿಸಬಹುದು, ಇಡೀ ಪ್ರೋಗ್ರಾಮಿಗೆ ಆಗದು. ಗೂಗಲ್‌ನ ಎಂಜಿನಿಯರ್‌ಗಳು ರೂಪಿಸಿ 2012ರಲ್ಲಿ ಪ್ರಕಟಿಸಿದ ಅಡ್ರೆಸ್ ಸ್ಯಾನಿಟೈಜರ್ ಆ ಕೆಲಸವನ್ನು ಕಂಪೈಲರ್‌ನಿಂದಲೇ ಮಾಡಿಸುತ್ತದೆ. ಪ್ರೋಗ್ರಾಮಿನ ಪ್ರತಿ ಎಂಟು ಬೈಟ್‌ಗೆ ಒಂದು ನೆರಳು ಬೈಟ್ ಇಟ್ಟುಕೊಂಡು, ಯಾವ ಜಾಗ ಮುಟ್ಟಬಹುದು, ಯಾವುದು ಮುಟ್ಟಬಾರದು ಎಂಬುದನ್ನು ಅದರಲ್ಲಿ ಗುರುತಿಸುತ್ತದೆ. ಪ್ರತಿ ತುಂಡಿನ ಸುತ್ತ ನಿಷಿದ್ಧ ವಲಯವನ್ನು ಬಿಡುತ್ತದೆ, ನಮ್ಮ ಹೊಲಗಳ ನಡುವಿನ ಬದುವಿನ ಹಾಗೆ. ಬದುವನ್ನು ತುಳಿದ ಕ್ಷಣವೇ ಪ್ರೋಗ್ರಾಮ್ ನಿಲ್ಲುತ್ತದೆ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಮೆಮೊರಿ ಹೆಚ್ಚು ಬೇಕಾಗುತ್ತದೆ. ಜಿಸಿಸಿ ಅಥವಾ ಕ್ಲ್ಯಾಂಗ್‌ಗೆ ಎಫ್‌ಸ್ಯಾನಿಟೈಜ್ ಆಯ್ಕೆಯಲ್ಲಿ ಅಡ್ರೆಸ್ ಎಂದು ಕೊಟ್ಟು ಮತ್ತೆ ಕಂಪೈಲ್ ಮಾಡಿದರೆ ಸಾಕು.

ಹಾಗೆ ಮಾಡಿ ಶ್ರೀನಿವಾಸಪುರದ ಸಾಲನ್ನು ಓಡಿಸಿದಾಗ ಅಡ್ರೆಸ್ ಸ್ಯಾನಿಟೈಜರ್ ಪಟ್ಟಿಯ ವಿಷಯದಲ್ಲಿ ಏನನ್ನೂ ಹೇಳಲಿಲ್ಲ. ಹೊಸಬರು ಇಲ್ಲಿಯೇ ಮೋಸಹೋಗುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಬದು ಇರುವುದು ಒಂದು ಹೊಲಕ್ಕೂ ಇನ್ನೊಂದು ಹೊಲಕ್ಕೂ ನಡುವೆ. ಒಂದೇ ಸ್ಟ್ರಕ್ಟ್‌ನೊಳಗೆ ಊರಿನ ಜಾಗದಿಂದ ಟೋಕನ್‌ನ ಜಾಗಕ್ಕೆ ಹರಿದರೆ ಅದು ಒಂದೇ ಹೊಲದೊಳಗಿನ ಓಡಾಟವೆಂದೇ ಅದಕ್ಕೆ ಕಾಣುತ್ತದೆ. ಇದನ್ನು ಹಿಡಿದದ್ದು ಫೋರ್ಟಿಫೈ ಸೋರ್ಸ್ ಎಂಬ, ಹೆಚ್ಚು ಜನ ಗಮನಿಸದ ಸೌಲಭ್ಯ. ಎರಡನೆಯ ಮಟ್ಟದಲ್ಲಿ ಅದು ಸ್ಟ್ರಿಂಗ್‌ಕಾಪಿಯಂಥ ಆದೇಶಗಳಿಗೆ ಸ್ಟ್ರಕ್ಟ್‌ನ ಒಳಭಾಗದ ಅಳತೆಯನ್ನೂ ತಿಳಿಸಿ, ಮೀರಿದರೆ ಬಫರ್ (ಮೀಸಲಿಟ್ಟ ಜಾಗ) ಉಕ್ಕಿದೆ ಎಂಬ ಸಂದೇಶದೊಡನೆ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಆಪ್ಟಿಮೈಸೇಶನ್ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮಂಡಿಗೆ ನಾನು ಆಪ್ಟಿಮೈಸೇಶನ್ ಇಲ್ಲದ ಪ್ರತಿಯನ್ನೇ ಕೊಟ್ಟಿದ್ದರಿಂದ ಆ ಕಾವಲು ಅಲ್ಲಿ ಇರಲಿಲ್ಲ. ಆದ್ದರಿಂದ ಪರೀಕ್ಷೆಗೆ ಎರಡು ಬಗೆಯ ಪ್ರತಿಗಳನ್ನು ಕಟ್ಟಿಕೊಳ್ಳಿ: ಸ್ಯಾನಿಟೈಜರ್ ಇರುವುದೊಂದು, ಆಪ್ಟಿಮೈಸೇಶನ್ ಮತ್ತು ಫೋರ್ಟಿಫೈ ಇರುವುದೊಂದು.

ಆದರೆ ಅದೇ ಓಟದಲ್ಲಿ, ಸ್ವಲ್ಪ ಮುಂದೆ, ಸ್ಯಾನಿಟೈಜರ್ ಇನ್ನೊಂದು ಜಾಗಕ್ಕೆ ಕೈ ತೋರಿಸಿತು. ದಿನದ ಕೊನೆಯ ಸಾರಾಂಶಕ್ಕಾಗಿ ಪ್ರತಿ ಊರಿನ ಹೆಸರಿಗೂ ಮೆಮೊರಿ ಕೇಳಿ ಪಡೆಯುವ ಮಲಾಕ್ (malloc) ಆದೇಶದಿಂದ 32 ಬೈಟ್ ಪಡೆದು ನಕಲು ಮಾಡುತ್ತಿದ್ದೆ. ಅದು ನನಗೆ ಮರೆತೇ ಹೋಗಿತ್ತು. ವರದಿಯ ಮೊದಲ ಸಾಲುಗಳಲ್ಲಿ ಹೀಪ್ (ಹೀಗೆ ಕೇಳಿ ಪಡೆದ ಮೆಮೊರಿ) ಬಫರ್ ಉಕ್ಕಿದೆ ಎಂದೂ, 37 ಬೈಟ್ ಬರೆಯಲಾಗಿದೆ ಎಂದೂ ಇತ್ತು. ಇಂಥ ವರದಿಯನ್ನು ಮೂರು ಭಾಗವಾಗಿ ಓದಬೇಕು: ಬರೆದವರು ಯಾರು ಎಂಬ ಮೊದಲ ಕರೆಪಟ್ಟಿ, ಆ ತುಂಡನ್ನು ಪಡೆದವರು ಯಾರು ಎಂಬ ಎರಡನೆಯ ಕರೆಪಟ್ಟಿ, ಮತ್ತು ತುಂಡಿನ ಅಳತೆ. 32 ಬೈಟ್‌ನ ತುಂಡು ಮುಗಿದ ಮರುಬೈಟ್‌ನಲ್ಲೇ ತುಳಿತ ಶುರುವಾಗಿದೆ ಎಂದರೆ ಅಳತೆಯ ತಪ್ಪು. ಬಿಡುಗಡೆ ಮಾಡಿದ ತುಂಡನ್ನು ಮತ್ತೆ ಬಳಸಿದ ದೋಷವಾಗಿದ್ದರೆ, ಬಿಡುಗಡೆ ಮಾಡಿದವರ ಕರೆಪಟ್ಟಿಯೂ ಜೊತೆಗೆ ಇರುತ್ತದೆ.

ಈ ಎರಡನೆಯ ತಪ್ಪು ಮಂಡಿಯಲ್ಲಿ ಯಾಕೆ ಕಾಣಿಸಿರಲಿಲ್ಲ? 64 ಬಿಟ್ ಲಿನಕ್ಸ್‌ನ ಗ್ನೂ ಸಿ ಲೈಬ್ರರಿಯಲ್ಲಿ 32 ಬೈಟ್ ಕೇಳಿದರೆ ನಿಜವಾಗಿ ಬಳಸಬಹುದಾದ 40 ಬೈಟ್ ಸಿಗುತ್ತದೆ. ಶ್ರೀನಿವಾಸಪುರದ 37 ಅದರಲ್ಲಿ ಹಿಡಿಸುತ್ತದೆ, ಚಿಕ್ಕಬಳ್ಳಾಪುರದ 40 ಕೂಡ ಸರಿಯಾಗಿ ಅಂಚಿಗೆ ಬಂದು ನಿಲ್ಲುತ್ತದೆ. ಪರೀಕ್ಷೆಗೆಂದು ತುಮಕೂರು ಜಿಲ್ಲೆಯ "ಚಿಕ್ಕನಾಯಕನಹಳ್ಳಿ"ಯನ್ನು ಕೊಟ್ಟೆ. ಅದಕ್ಕೆ ಕೊನೆಯ ಸೊನ್ನೆ ಸೇರಿ 46 ಬೈಟ್ ಬೇಕು. ಸ್ಯಾನಿಟೈಜರ್ ಇಲ್ಲದ ಪ್ರತಿಯಲ್ಲಿ ಅದು ಮುಂದಿನ ತುಂಡಿನ ಅಳತೆಯನ್ನು ಬರೆದಿಟ್ಟ ಜಾಗವನ್ನೇ ಹಾಳುಮಾಡಿತು, ಆದರೆ ಪ್ರೋಗ್ರಾಮ್ ನಿಂತದ್ದು ಅಲ್ಲಲ್ಲ, ಮುಂದಿನ ರೈತರ ನಮೂದಿಗಾಗಿ ಮತ್ತೆ ಮಲಾಕ್ ಕರೆದಾಗ. ಬ್ಯಾಕ್‌ಟ್ರೇಸ್‌ನಲ್ಲಿ ಕಂಡದ್ದು ಏನೂ ತಪ್ಪಿಲ್ಲದ ಸಾಲು. ಡಿಬಗರ್ ಒಂದನ್ನೇ ನಂಬಿದವರು ಆ ಸಾಲಿನ ಸುತ್ತ ಎರಡು ದಿನ ತಿರುಗಾಡುವುದನ್ನು ನಾನು ನೋಡಿದ್ದೇನೆ.

ಮೂಲ ಕೋಡನ್ನು ಮತ್ತೆ ಕಂಪೈಲ್ ಮಾಡಲು ಆಗದಿದ್ದರೆ ವಾಲ್‌ಗ್ರೈಂಡ್ ಬಳಸಿ. ಅದರ ಮೆಮ್‌ಚೆಕ್ ಇದ್ದ ಪ್ರತಿಯನ್ನೇ ಓಡಿಸಿ ಪರೀಕ್ಷಿಸುತ್ತದೆ, ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗಿ. ಮೌಲ್ಯ ತುಂಬದ ಮೆಮೊರಿಯನ್ನು ಓದಿ ತೀರ್ಮಾನ ತೆಗೆದುಕೊಳ್ಳುವ ತಪ್ಪನ್ನು ಅದು ಹಿಡಿಯುತ್ತದೆ, ಅಡ್ರೆಸ್ ಸ್ಯಾನಿಟೈಜರ್ ಹಿಡಿಯುವುದಿಲ್ಲ. ಸ್ಟ್ಯಾಕ್ (ಫಂಕ್ಷನ್‌ನ ತಾತ್ಕಾಲಿಕ ಮೆಮೊರಿ) ಮೇಲಿನ ಅರೇ ಉಕ್ಕುವುದನ್ನು ಸ್ಯಾನಿಟೈಜರ್ ಹಿಡಿಯುತ್ತದೆ, ಮೆಮ್‌ಚೆಕ್ ಹಿಡಿಯುವುದಿಲ್ಲ. ಎರಡನ್ನೂ ಒಂದೇ ಓಟದಲ್ಲಿ ಸೇರಿಸಬೇಡಿ. ಮೂಲ ಕೋಡೇ ಇಲ್ಲದ ಪ್ರೋಗ್ರಾಮಿನ ಒಳರಚನೆ ಓದಲು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2019ರಲ್ಲಿ ಸಾರ್ವಜನಿಕಗೊಳಿಸಿದ ಘೀಡ್ರಾ ಇದೆ. ಅದು ಬೇರೆಯೇ ವಿದ್ಯೆ, ಪ್ರತ್ಯೇಕವಾಗಿ ಕಲಿಯಬೇಕು.

ಆರನೆಯ ಹಂತ: ನಮಗೆ ಹೊಳೆಯದ ಇನ್‌ಪುಟ್‌ಗಳನ್ನು ಯಂತ್ರದಿಂದ ಹುಡುಕಿಸುವುದು

1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್, ಬಿರುಗಾಳಿಯ ರಾತ್ರಿಯಲ್ಲಿ ಟೆಲಿಫೋನ್ ತಂತಿಯ ಗದ್ದಲದಿಂದ ಕೆಟ್ಟ ಅಕ್ಷರಗಳು ಬಂದು ಯುನಿಕ್ಸ್ ಪ್ರೋಗ್ರಾಮ್‌ಗಳು ಬೀಳುವುದನ್ನು ಕಂಡು, ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. ಫಜಿಂಗ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅದೇ ವರ್ಷದ ನವೆಂಬರ್ 2ರಂದು ಹರಡಿದ ಮಾರಿಸ್ ವರ್ಮ್ ಎಂಬ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹಬ್ಬುವ ಪ್ರೋಗ್ರಾಮ್, ಅಳತೆ ನೋಡದೆ ಸಾಲನ್ನು ಓದುವ ಗೆಟ್ಸ್ ಎಂಬ ಆದೇಶದ ದೋಷವನ್ನೂ ಬಳಸಿಕೊಂಡಿತ್ತು. ನನ್ನ ಸ್ಟ್ರಿಂಗ್‌ಕಾಪಿ ಅದರ ಒಡಹುಟ್ಟೇ. ಗೆಟ್ಸ್ ಅನ್ನು ಸಿ ಭಾಷೆಯ 2011ರ ಮಾನಕದಿಂದ ತೆಗೆದುಹಾಕಲಾಯಿತು; ಸ್ಟ್ರಿಂಗ್‌ಕಾಪಿ ಇನ್ನೂ ಇದೆ.

ಇಂದು ಬಳಕೆಯಲ್ಲಿರುವ ಎಎಫ್ಎಲ್ ಪ್ಲಸ್ ಪ್ಲಸ್, ಮಿಹಾವ್ ಝಲೆವ್ಸ್ಕಿ 2013ರಲ್ಲಿ ಹೊರತಂದ ಎಎಫ್ಎಲ್‌ನ ಮುಂದುವರಿಕೆ. ಅದು ಕೊಟ್ಟ ಮಾದರಿಗಳನ್ನು ಅಲ್ಲಲ್ಲಿ ಬದಲಿಸುತ್ತಾ, ಪ್ರೋಗ್ರಾಮಿನ ಹೊಸ ಕವಲಿಗೆ ಕೊಂಡೊಯ್ದ ಮಾದರಿಗಳನ್ನು ಮಾತ್ರ ಉಳಿಸಿಕೊಂಡು ಮುಂದುವರಿಯುತ್ತದೆ. ಅದಕ್ಕಾಗಿ ಪ್ರೋಗ್ರಾಮ್ ಕೀಬೋರ್ಡಿನ ಬದಲು ಕಡತದಿಂದ ಓದುವಂತಿರಬೇಕು ಮತ್ತು ಕೆಲಸ ಮುಗಿದೊಡನೆ ತಾನೇ ಹೊರಬರಬೇಕು. ಎಎಫ್ಎಲ್‌ನದೇ ಕಂಪೈಲರ್‌ನಿಂದ, ಅಡ್ರೆಸ್ ಸ್ಯಾನಿಟೈಜರ್ ಜೊತೆಗೂಡಿಸಿ ಕಟ್ಟಿ. ಒಂದು ಫೋಲ್ಡರಿನಲ್ಲಿ ಐದಾರು ಚಿಕ್ಕ ಮಾದರಿ ಕಡತಗಳನ್ನಿಡಿ. ಅವುಗಳಲ್ಲಿ ಕನ್ನಡದ ಸಾಲುಗಳು ಇರಲೇಬೇಕು: ಕೇವಲ ಇಂಗ್ಲಿಷ್ ಮಾದರಿಗಳಿಂದ ಹೊರಟ ಫಜರ್ ಮೂರು ಬೈಟ್‌ನ ಸರಿಯಾದ ಸಂಕೇತಗಳನ್ನು ತಾನಾಗಿ ಕಟ್ಟಿಕೊಳ್ಳಲು ಬಹಳ ಸಮಯ ತೆಗೆದುಕೊಳ್ಳುತ್ತದೆ. ತಾಲ್ಲೂಕುಗಳ ಹೆಸರನ್ನು ಡಿಕ್ಷನರಿ ಕಡತವಾಗಿಯೂ ಕೊಡಬಹುದು.

ಸ್ಟ್ರಕ್ಟ್‌ನೊಳಗಿನ ಉಕ್ಕುವಿಕೆಯನ್ನು ಸ್ಯಾನಿಟೈಜರ್ ನೋಡದೆ ಬಿಟ್ಟಿತಲ್ಲ, ಫಜರ್ ಕೂಡ ಅದನ್ನು ಹಾಗೆಯೇ ದಾಟಿಹೋಗುತ್ತದೆ, ಏಕೆಂದರೆ ಬಿದ್ದದ್ದನ್ನು ಮಾತ್ರ ಅದು ತಪ್ಪೆಂದು ತಿಳಿಯುತ್ತದೆ. ಆದ್ದರಿಂದ ಪ್ರೋಗ್ರಾಮಿಗೇ ಸತ್ಯವನ್ನು ಹೇಳಿಕೊಡಬೇಕು. ಕಡತದಿಂದ ಓದಿದ ದರವನ್ನು ಬೇರೆ ವೇರಿಯಬಲ್‌ನಲ್ಲಿ ಇಟ್ಟು, ಪಟ್ಟಿ ಅಚ್ಚು ಹಾಕುವ ಮುನ್ನ ಎರಡೂ ಒಂದೇ ಇವೆಯೇ ಎಂದು ಅಸರ್ಟ್ (ಸುಳ್ಳಾದರೆ ಪ್ರೋಗ್ರಾಮನ್ನು ನಿಲ್ಲಿಸುವ ಪರೀಕ್ಷೆ) ಹಾಕಿದೆ. ಅಷ್ಟರಿಂದ ಮೌನವಾಗಿದ್ದ ದೋಷ ಬಾಯಿಬಿಡುವ ದೋಷವಾಯಿತು.

ಫಜರ್ ಅನ್ನು ರಾತ್ರಿಯಿಡೀ ಬಿಡಬೇಕಾಗುತ್ತದೆ. ನಮ್ಮ ಕಡೆ ರಾತ್ರಿ ಕರೆಂಟ್ ಹೋಗಿ ಬ್ಯಾಟರಿ ಮುಗಿದರೂ ಕೆಲಸ ವ್ಯರ್ಥವಾಗುವುದಿಲ್ಲ. ಮಾದರಿ ಫೋಲ್ಡರಿನ ಜಾಗದಲ್ಲಿ ಬರಿಯ ಮೈನಸ್ ಚಿಹ್ನೆ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಬೆಳಿಗ್ಗೆ ಕ್ರ್ಯಾಶಸ್ ಫೋಲ್ಡರಿನಲ್ಲಿ ಇಪ್ಪತ್ತು ಕಡತ ಕಂಡರೆ ಇಪ್ಪತ್ತು ದೋಷ ಎಂದು ತಿಳಿಯಬೇಡಿ. ಪ್ರತಿಯೊಂದನ್ನೂ ಎಎಫ್ಎಲ್ ಟಿಮಿನ್ ಎಂಬ ಆದೇಶದಿಂದ ಕುಗ್ಗಿಸಿ, ಸ್ಯಾನಿಟೈಜರ್‌ನ ಕರೆಪಟ್ಟಿಯ ಮೇಲಿನ ಎರಡು ಮೂರು ಸಾಲುಗಳನ್ನು ಹೋಲಿಸಿ ಗುಂಪು ಮಾಡಿ. ನನಗೆ ಉಳಿದದ್ದು ಎರಡೇ.

ಏಳನೆಯ ಹಂತ: ತಿದ್ದುವುದು

ಸ್ಟ್ರಿಂಗ್‌ಕಾಪಿಯ ಜಾಗಕ್ಕೆ ಅಳತೆ ಕೇಳುವ ಎಸ್‌ಎನ್‌ಪ್ರಿಂಟ್‌ಎಫ್ ಹಾಕಿದರೆ ಮುಗಿಯಿತೆಂದು ಅನಿಸುತ್ತದೆ. 32 ಬೈಟ್‌ಗೆ ಅದು ಹೆಸರಿನ 31 ಬೈಟ್ ಇಟ್ಟುಕೊಳ್ಳುತ್ತದೆ: ಹತ್ತು ಪೂರ್ಣ ಸಂಕೇತ, ಆಮೇಲೆ ಹನ್ನೊಂದನೆಯದರ ಒಂದೇ ಬೈಟ್. ಪಟ್ಟಿಯಲ್ಲಿ "ಶ್ರೀನಿವಾಸಪ" ಎಂದು ಬಂದು ಮುಂದೆ ಒಂದು ಚೌಕ ಅಚ್ಚಾಗುತ್ತದೆ. ಸಂಕೇತದ ಗಡಿಯಲ್ಲಿ ಕತ್ತರಿಸಬಹುದು, ಆದರೂ ಒಬ್ಬರ ಊರಿನ ಹೆಸರನ್ನು ನಡುವೆ ತುಂಡು ಮಾಡುವುದನ್ನು ತಿದ್ದುಪಡಿ ಎಂದು ನಾನು ಒಪ್ಪುವುದಿಲ್ಲ. ಜಾಗವನ್ನು 128 ಬೈಟ್‌ಗೆ ಏರಿಸಿ, ಬಂದ ಹೆಸರನ್ನು ಮೊದಲು ಬೈಟ್‌ನಲ್ಲಿ ಅಳೆದು, ಅದಕ್ಕೂ ಮೀರಿದರೆ ಸ್ಪಷ್ಟ ಸಂದೇಶದೊಡನೆ ನಮೂದನ್ನೇ ನಿರಾಕರಿಸುವಂತೆ ಮಾಡಿದೆ. ಮಲಾಕ್‌ಗೆ ಸ್ಥಿರ ಸಂಖ್ಯೆಯ ಬದಲು ಅಳೆದ ಉದ್ದಕ್ಕೆ ಒಂದು ಕೂಡಿಸಿ ಕೊಟ್ಟೆ. ಅನಂತರ ಇಡೀ ಕೋಡಿನಲ್ಲಿ ಸ್ಟ್ರಿಂಗ್‌ಕಾಪಿ, ಸ್ಟ್ರಿಂಗ್‌ಕ್ಯಾಟ್, ಸ್ಪ್ರಿಂಟ್‌ಎಫ್ ಎಲ್ಲೆಲ್ಲಿವೆ ಎಂದು ಪದ ಹುಡುಕುವ ಗ್ರೆಪ್ ಆದೇಶದಿಂದ ಹುಡುಕಿದೆ. ಒಂದು ತಪ್ಪನ್ನು ಬರೆದ ಕೈ ಅದನ್ನು ಒಂದೇ ಕಡೆ ಬರೆದಿರುವುದಿಲ್ಲ. ಚಿಕ್ಕನಾಯಕನಹಳ್ಳಿಯ ಸಾಲು ಈಗ ನನ್ನ ಪರೀಕ್ಷೆಗಳಲ್ಲಿ ಖಾಯಂ ಆಗಿ ಕುಳಿತಿದೆ.

ಎಂಟನೆಯ ಹಂತ: ಇದು ಭದ್ರತಾ ದೋಷವೇ ಎಂದು ಅಳೆಯುವುದು, ವರದಿ ಮಾಡುವುದು

ಎಲ್ಲ ದೋಷವೂ ಭದ್ರತಾ ದೋಷವಲ್ಲ. ಹೊರಗಿನವರು ಕೊಡುವ ಇನ್‌ಪುಟ್ ಆ ತಪ್ಪನ್ನು ಮುಟ್ಟಬಲ್ಲುದೇ ಎಂದು ಕೇಳಿಕೊಳ್ಳಿ. ಊರಿನ ಹೆಸರನ್ನು ಮಂಡಿಯ ರೈಟರ್ ಮಾತ್ರ ತುಂಬುವವರೆಗೆ ಇದು ಲೆಕ್ಕದ ತಪ್ಪು. ರೈತರೇ ಫೋನಿನಿಂದ ಕಳಿಸುವ ವ್ಯವಸ್ಥೆ ಬಂದರೆ ಅದೇ ಸಾಲು, ಯಾರೋ ಒಬ್ಬರು ದರವನ್ನೂ ಬಾಕ್ಸ್ ಲೆಕ್ಕವನ್ನೂ ತಮಗೆ ಬೇಕಾದಂತೆ ಬರೆಯಬಹುದಾದ ಬಾಗಿಲಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಬಯಲಾದ ಅಂತರ್ಜಾಲದ ಮಾತುಕತೆಯನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷದಲ್ಲಿಯೂ, ಎದುರಿನವರು ಹೇಳಿದ ಉದ್ದವನ್ನು ನಿಜವಾದ ಉದ್ದದೊಡನೆ ಹೋಲಿಸದ ಕಾರಣಕ್ಕೆ ಪ್ರತಿ ಸಲ 64 ಕಿಲೋಬೈಟ್‌ವರೆಗೆ ಸರ್ವರಿನ ಮೆಮೊರಿ ಹೊರಗೆ ಹೋಗುತ್ತಿತ್ತು. ಅಲ್ಲಿ ಓದಿದ್ದು, ಇಲ್ಲಿ ಬರೆದದ್ದು. ಬಿಟ್ಟುಹೋದ ಹೋಲಿಕೆ ಒಂದೇ.

ಬೇರೆಯವರ ತಂತ್ರಾಂಶದಲ್ಲಿ ಇಂಥದ್ದು ಸಿಕ್ಕರೆ ಮೊದಲು ಅದನ್ನು ನಿರ್ವಹಿಸುವವರಿಗೆ ಖಾಸಗಿಯಾಗಿ ತಿಳಿಸಿ: ಆವೃತ್ತಿ, ಕುಗ್ಗಿಸಿದ ಇನ್‌ಪುಟ್, ಓಡಿಸಿದ ಕ್ರಮ, ಸ್ಯಾನಿಟೈಜರ್‌ನ ವರದಿ, ನಿಮಗೆ ತಿಳಿದ ಮೂಲ ಕಾರಣ. ತಿದ್ದಲು ಸಮಯ ಕೊಡಿ; ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಅನುಸರಿಸುವ 90 ದಿನಗಳ ಗಡುವು ಸುಪರಿಚಿತ ಅಳತೆ. ಉತ್ತರವೇ ಬರದಿದ್ದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ವಿಧಿಯಡಿ ಸೈಬರ್ ಭದ್ರತಾ ಘಟನೆಗಳನ್ನು ನಿಭಾಯಿಸುವ ರಾಷ್ಟ್ರೀಯ ಸಂಸ್ಥೆಯಾಗಿರುವ ಸರ್ಟ್-ಇನ್‌ಗೆ ವರದಿ ಮಾಡಬಹುದು. 2004ರಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆಗೆ ದೋಷಗಳಿಗೆ ಸಿವಿಇ ಸಂಖ್ಯೆ (ಜಗತ್ತಿನಾದ್ಯಂತ ಆ ದೋಷವನ್ನು ಗುರುತಿಸುವ ಸಂಖ್ಯೆ) ನೀಡುವ ಅಧಿಕಾರವೂ ಇದೆ.

ಕೊನೆಯ ಹಂತ: ಆಗಿಹೋದ ಹಾನಿಯನ್ನು ಹುಡುಕಿ ಸರಿಪಡಿಸುವುದು

ಕೋಡ್ ತಿದ್ದಿದ ಮೇಲೂ ಹಳೆಯ ಕಡತಗಳಲ್ಲಿ ತಪ್ಪು ದರ ಹಾಗೆಯೇ ಉಳಿದಿರುತ್ತದೆ. ರೈಟರ್ ಪೆನ್ನಿನಿಂದ ತಿದ್ದಿದ್ದು ಕಾಗದವನ್ನು, ಕಡತವನ್ನಲ್ಲ. ತಿಂಗಳ ಒಟ್ಟು ಲೆಕ್ಕ ಬರುವುದು ಕಡತದಿಂದ. ಯಾವ ನಮೂದುಗಳು ಕೆಟ್ಟಿವೆ ಎಂದು ಗುರುತಿಸಲು ಆ ದೋಷವೇ ಒಂದು ಕುರುಹು ಬಿಟ್ಟಿತ್ತು. ಟೋಕನ್‌ನ ಜಾಗದಲ್ಲಿ ಕುಳಿತ 81, ಇ0, ಬಿ2, ಬಿ0 ಎಂಬ ನಾಲ್ಕು ಬೈಟ್‌ಗಳನ್ನು ಪೂರ್ಣಾಂಕವಾಗಿ ಓದಿದರೆ ಮೈನಸ್ 1,33,04,54,399 ಆಗುತ್ತದೆ. ಶ್ರೀನಿವಾಸಪುರದ ಪ್ರತಿಯೊಂದು ನಮೂದಿನಲ್ಲೂ ಟೋಕನ್ ಸಂಖ್ಯೆ ಇದೇ. ಆ ಸಂಖ್ಯೆ ಇರುವ ನಮೂದುಗಳನ್ನೂ, ಊರಿನ ಹೆಸರು 32 ಬೈಟ್ ಅಥವಾ ಅದಕ್ಕಿಂತ ಉದ್ದ ಇರುವ ಉಳಿದ ನಮೂದುಗಳನ್ನೂ ಹೊರತೆಗೆದು ದಿನಾಂಕದ ಕ್ರಮದಲ್ಲಿ ಅಚ್ಚು ಹಾಕಿಕೊಂಡು ಮಂಡಿಗೆ ಹೋದೆ. ಶ್ರೀನಿವಾಸಪುರದ ನಮೂದುಗಳಲ್ಲಿ ಬಾಕ್ಸ್‌ಗಳ ಲೆಕ್ಕ ಹಾಳಾಗಿರಲಿಲ್ಲ. ದರವನ್ನು ಹರಾಜಿನ ಕೈಬರಹದ ಪುಸ್ತಕದಿಂದ ತೆಗೆದುಕೊಳ್ಳಬೇಕಿತ್ತು. ರೈಟರ್ ಒಂದೊಂದೇ ದಿನದ ದರವನ್ನು ಓದುತ್ತಾ ಹೋದರು, ನಾನು ತುಂಬುತ್ತಾ ಹೋದೆ: ನಲವತ್ತು ಬಾಕ್ಸ್, 256 ಅಲ್ಲ, 450, ಮೊತ್ತ 10,240 ಅಲ್ಲ, 18,000.